ಅಳುವ ಪಾತ್ರ

ದನಿಯ ಭಾರಕ್ಕೆ ಗೆಳೆಯರು ಅವನನ್ನು ‘ಗುಡುಗು’ ಎನ್ನುತ್ತಿದ್ದರು. ಹಳೆಯ ಪ್ರಸಿದ್ಧ ಕಥೆಗಳನ್ನು ಆಡಿಯೊ ಪುಸ್ತಕವಾಗಿ ಓದುವುದು ಅವನ ಕೆಲಸ. ನಿರೂಪಣೆ, ಗಂಡಸರ ಮಾತು, ಬಿರುಗಾಳಿಯ ವರ್ಣನೆ ಎಲ್ಲ ಅವನದೇ. ಹೆಂಗಸರ ಮಾತಿಗೆ ಗೊತ್ತುಮಾಡಿದ್ದ ನಟಿಗೆ ಗಂಟಲು ಕಟ್ಟಿದ್ದರಿಂದ ಅಂದು ಹೆಂಡತಿಯನ್ನೇ ಸ್ಟುಡಿಯೊಗೆ ಕರೆತಂದ. ಅವಳು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು, ಮೈಕು ಹೊಸದಲ್ಲ.

“ಏನೂ ಕಷ್ಟ ಇಲ್ಲ ಕಣೇ. ಮಾತು ಕಮ್ಮಿ,” ಎಂದಿದ್ದ.

ಕಮ್ಮಿಯೇ ಇತ್ತು. ಮೊದಲ ಕಥೆಯಲ್ಲಿ ಅವಳು “ತಗೊಳ್ಳಿ” ಎಂದಳು. ಮುಂದಿನದರಲ್ಲಿ ಬಾವಿಗೆ ಬೀಳುವ ಮುನ್ನ “ಅಯ್ಯೋ” ಎಂದಳು. ಆಮೇಲಿನ ಕಥೆಯ ನಾಯಕ ನಾಯಕಿಯ ಕಣ್ಣು, ಕತ್ತು, ಹಿಮ್ಮಡಿಗಳನ್ನು ಪುಟಗಟ್ಟಲೆ ನೆನೆದ. ಅಷ್ಟು ಹೊತ್ತೂ ಅವಳು ಹೆಡ್‌ಫೋನ್ ಹಾಕಿಕೊಂಡು, ಗಂಡ ಯಾವಾಗ ಹಿಮ್ಮಡಿ ಮುಗಿಸುತ್ತಾನೋ ಎಂದು ಕಾಯುತ್ತ ಕೂತಳು.

“ಅಲ್ಲೀವರೆಗೆ ನಾನೇನು ಮಾಡ್ಲಿ?”

“ಸುಮ್ನಿರಿ ಅಕ್ಕ, ಸಾಕು. ಉಸಿರು ಮೈಕಿಗೆ ಬೀಳ್ತಿದೆ,” ಎಂದ, ಗಾಜಿನಾಚೆ ಕೂತ ರೆಕಾರ್ಡಿಂಗ್‌ನವನು.

ತೊಡಕಾದದ್ದು ಕೊನೆಯ ಕಥೆಯಲ್ಲಿ. ಹೆಂಡತಿಯನ್ನು ಬಿಟ್ಟುಹೋದವನು ಎಷ್ಟೋ ವರ್ಷದ ಮೇಲೆ ಮರಳುತ್ತಾನೆ. ಅವಳು ಬಾಗಿಲು ತೆರೆದು ಅಳುತ್ತ, “ನೀವು ಬಂದಿರಲ್ಲ, ಅಷ್ಟೇ ಸಾಕು” ಎನ್ನಬೇಕು.

ಹೇಳಿದಳು. ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬಂದಿದೆ ಎಂದು ಸಾರಿದಂತಿತ್ತು.

“ಅಕ್ಕ, ಸ್ವಲ್ಪ ಕರಗಿ.”

ಮತ್ತೆ ಹೇಳಿದಳು. ಪ್ರಯಾಣಿಕರಿಗಾದ ತೊಂದರೆಗೆ ವಿಷಾದವೂ ಸೇರಿತು, ಅಷ್ಟೇ.

“ಎಲ್ಲಿಗೆ ಹೋಗಿದ್ನಂತೆ ಇವನು?” ಎಂದು ಗಂಡನನ್ನು ಕೇಳಿದಳು.

“ಅದು ಕಥೇಲಿಲ್ಲ.”

“ಇವಳು ಕೇಳೋದೂ ಇಲ್ವಾ?”

“ಕೇಳಿದ್ರೆ ಕಥೆ ಮುಗಿಯಲ್ವಲ್ಲೇ!”

“ಸರಿ. ಹೇಗೆ ಹೇಳ್ಬೇಕು, ನೀವೇ ತೋರಿಸಿ.”

ಗುಡುಗು ನಕ್ಕು, ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ಶುರುಮಾಡಿದ. ‘ಬಂದಿರಲ್ಲ’ ಎನ್ನುವಷ್ಟರಲ್ಲಿ ದನಿ ಒಡೆಯಿತು. ‘ಸಾಕು’ ಎನ್ನುವಾಗ ಕಣ್ಣಿಂದ ನೀರು ದಳದಳ ಇಳಿಯಿತು. ಅಪ್ಪ ತೀರಿಕೊಂಡ ದಿನವೂ ಬಂದವರಿಗೆ ಕುರ್ಚಿ ಹಾಕುತ್ತ ಓಡಾಡಿದವನು ಅವನು. ಈಗ ಯಾಕೆಂದು ಅವನಿಗೇ ತಿಳಿಯಲಿಲ್ಲ. ನಿಲ್ಲಿಸಲು ನೋಡಿದ, ಆಗಲಿಲ್ಲ. ಹೆಂಡತಿ ಕರವಸ್ತ್ರ ಚಾಚಿ, ಮುಗಿಯುವವರೆಗೆ ಗೋಡೆ ನೋಡುತ್ತಿದ್ದಳು.

“ಇದನ್ನೇ ಇಡೋಣ ಸಾರ್. ದನಿ ಸ್ವಲ್ಪ ತೆಳ್ಳಗೆ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ,” ಎಂದ ರೆಕಾರ್ಡಿಂಗ್‌ನವನು.

“ಛೆ! ಗಂಡಸು ಕಣಯ್ಯಾ ನಾನು.”

“ಬರೆದೋನೂ ಗಂಡಸೇ ಅಲ್ವೇನ್ರೀ?” ಎಂದಳು ಹೆಂಡತಿ.

ಆಡಿಯೊ ಪುಸ್ತಕ ಹೊರಬಂದ ಮೇಲೆ ಫೋನುಗಳು ಬಂದವು. ಕೊನೆಯ ಕಥೆಯ ಆ ಅಳುವಿಗೆ ಎಲ್ಲರೂ ಹೊಗಳಿದ್ದು ಅವಳನ್ನೇ. ಹೆಣ್ಣಿನ ಮನಸ್ಸು ಹೆಣ್ಣಿಗೇ ಗೊತ್ತು ಎಂದರು ಒಬ್ಬ ನಿವೃತ್ತ ಪ್ರಾಧ್ಯಾಪಕರು. ಅವಳು ಥ್ಯಾಂಕ್ಸ್ ಹೇಳಿದಳು. ಗುಡುಗು ಅಲ್ಲೇ ಕೂತು ಪೇಪರು ಓದುತ್ತಿದ್ದ.

ಅತ್ತೆಗೆ ಮಾತ್ರ ಬೇಸರವಾಯಿತು. “ಮನೇಲಿ ಒಂದಿನಾನೂ ಇಷ್ಟು ಮೆತ್ತಗೆ ಮಾತಾಡ್ಲಿಲ್ಲವಲ್ಲೇ ನೀನು?”

“ಇಲ್ಲಿ ಯಾರೂ ಬರೆದುಕೊಡಲ್ವಲ್ಲ ಅತ್ತೆ.”

ಗುಟ್ಟು ತಿಳಿಯದ ಸ್ಟುಡಿಯೊ ಮಾಲೀಕರು ಮುಂದಿನ ಸಂಪುಟಕ್ಕೂ ಅವಳೇ ಬೇಕೆಂದರು. ಈ ಸಲ ಅದರಲ್ಲಿ ವಿಧವೆಯರೇ ಹೆಚ್ಚು.

“ನನಗೆ ಡ್ಯೂಟಿ ಇದೆ. ನೀವೇ ಹೋಗಿಬನ್ನಿ,” ಎಂದಳು ಗಂಡನಿಗೆ.

ಅವನು ಆ ಪುಸ್ತಕ ತೆಗೆದುಕೊಂಡು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಿಕ್ಕುವ ಸದ್ದು ಕೇಳಿತು.

“ಯಾರೇ ಅದು?” ಎಂದರು ಅತ್ತೆ ಗಾಬರಿಯಾಗಿ.

“ನಿಮ್ಮ ಮಗ. ಕೆಲಸದಲ್ಲಿದ್ದಾರೆ,” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಹೊರಟಳು.