ಹೆಬ್ಬಾಗಿಲಿನ ಬಾಚಣಿಗೆ

ಉತ್ತರದ ತಣ್ಣನೆಯ ಕಡಲ ದಂಡೆಯಲ್ಲಿ ಒಂದು ಪಟ್ಟಣವಿತ್ತು. ಪ್ರತಿ ಬೇಸಿಗೆಯಲ್ಲೂ ಆಚೆಯ ತೀರದಿಂದ ಉದ್ದನೆಯ ಹಡಗುಗಳಲ್ಲಿ ದಾಳಿಕೋರರು ಬಂದು, ಮಠದ ಬೆಳ್ಳಿಯನ್ನೂ ಕಣಜದ ಗೋಧಿಯನ್ನೂ ಹೊತ್ತೊಯ್ಯುತ್ತಿದ್ದರು. ಪಟ್ಟಣದವರನ್ನು ಇದಕ್ಕಿಂತ ಹೆಚ್ಚು ಕೆರಳಿಸಿದ್ದು ಇನ್ನೊಂದು ಸಂಗತಿ: ಆ ಜನ ಪ್ರತಿ ಶನಿವಾರ ಸ್ನಾನ ಮಾಡುತ್ತಿದ್ದರು, ದಿನವೂ ತಲೆ ಬಾಚುತ್ತಿದ್ದರು. ಪಟ್ಟಣದವರು ವರ್ಷಕ್ಕೊಮ್ಮೆ, ಹಬ್ಬಕ್ಕೆಂದು ಮೀಯುವ ಮರ್ಯಾದಸ್ಥರು.

ಹೆಬ್ಬಾಗಿಲು ಕಾಯುತ್ತಿದ್ದವಳು ಹಿಲ್ಡಾ. ಗಂಡನನ್ನು ದಾಳಿಯಲ್ಲಿ ಕಳೆದುಕೊಂಡಿದ್ದಳು. ಮಗಳು ಎಡಿತಳನ್ನೂ ಕಳೆದುಕೊಳ್ಳಬಾರದೆಂದು ಒಂದು ನಿಯಮ ಮಾಡಿದಳು. ಬಾಚಿದ ತಲೆಯವರಿಗೆ ಪ್ರವೇಶವಿಲ್ಲ. ಸಿಕ್ಕಿದ ಬಾಚಣಿಗೆಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದಳು. ನಿಯಮ ಎಲ್ಲರಿಗೂ ಒಂದೇ ಎಂದು, ಮಠದ ಬೋಳುತಲೆಯ ಗುರುಗಳನ್ನೂ ಪರೀಕ್ಷಿಸಿಯೇ ಒಳಗೆ ಬಿಟ್ಟಳು.

ಒಂದು ವರ್ಷ ದಾಳಿಕೋರರು ತಿರುಗಿ ಹೋಗಲಿಲ್ಲ. ನದಿಯಾಚೆ ನೆಲ ಉತ್ತರು, ಹೆಬ್ಬಾಗಿಲವರೆಗೆ ಬಂದು ಬೆಣ್ಣೆ ಮಾರಿದರು. ಅವರಲ್ಲೊಬ್ಬ ಎಡಿತಳನ್ನು ಮದುವೆಗೆ ಕೇಳಿದ.

“ನಿಮ್ಮಪ್ಪನನ್ನು ಕೊಂದ ಜನ ಕಣೇ!”

“ಇರಬಹುದಮ್ಮ. ಆದರೆ ಅವನ ಪಕ್ಕ ಕೂತರೆ ಉಸಿರಾಡಬಹುದು.”

ಇದಕ್ಕೆ ರಾಜಾಜ್ಞೆಯೇ ಮದ್ದೆಂದು ಹಿಲ್ಡಾ ಹೊರಟಳು. ಬೇರೆ ಯಾರನ್ನೂ ನಂಬದೆ, ಬೀಗದ ಕೈಯನ್ನು ಮಗಳಿಗೇ ಕೊಟ್ಟಳು. ರಾಜ ಒಂದು ಕಡೆ ನಿಲ್ಲುವವನಲ್ಲ. ಅವನ ಹಿಂದೆ ಎರಡು ವರ್ಷ ಅಲೆದ ಮೇಲೆ ಮುದ್ರೆಯೊತ್ತಿದ ಓಲೆ ಸಿಕ್ಕಿತು: ದಾಳಿಕೋರರನ್ನು ಪಟ್ಟಣದೊಳಗೆ ಬಿಡಕೂಡದು.

ಮರಳಿದಾಗ ಹೆಬ್ಬಾಗಿಲು ಮುಚ್ಚಿತ್ತು. ಕಿಂಡಿಯಲ್ಲಿ ಎಡಿತ್ ಕಾಣಿಸಿದಳು. ಕಂಕುಳಲ್ಲಿ ಕೂಸು, ಅದರ ನಾಲ್ಕೇ ಕೂದಲಿಗೂ ಬೈತಲೆ ತೆಗೆದಿತ್ತು.

ಓಲೆಯನ್ನು ಎಡಿತ್ ಪೂರ್ತಿ ಓದಿದಳು. “ಸರಿಯಾಗಿದೆಯಮ್ಮ. ನಾವೂ ಇದನ್ನೇ ಪಾಲಿಸುತ್ತಿದ್ದೇವೆ. ಹೋದ ತಿಂಗಳು ಹೊಸ ಹಡಗುಗಳು ದಾಳಿಗೆ ಬಂದಿದ್ದವು. ಆ ಜನ ತಲೆಯನ್ನೇ ಬಾಚುವುದಿಲ್ಲ. ಊರವರೆಲ್ಲ ಸೇರಿ ನಿಯಮ ತಿದ್ದಿದೆವು.”

“ನಾನು ನಿನ್ನ ತಾಯಿ!”

“ಗೊತ್ತು. ನಿಯಮ ಎಲ್ಲರಿಗೂ ಒಂದೇ ಅಂತ ಹೇಳಿಕೊಟ್ಟವಳೂ ನೀನೇ.”

ಕಿಂಡಿಯಿಂದ ಮೂಳೆಯ ಬಾಚಣಿಗೆಯೊಂದು ಹೊರಬಂತು. ಹಿಲ್ಡಾಳಿಗೆ ಗುರುತು ಸಿಕ್ಕಿತು. ತಾನೇ ಕಿತ್ತು ಬುಟ್ಟಿಗೆ ಹಾಕಿದ್ದು. ಕೂಸು ಅವಳತ್ತ ಕೈ ಚಾಚಿತು. ಹಿಲ್ಡಾ ದಾರಿಯ ಎರಡೂ ಕಡೆ ನೋಡಿದಳು. ಯಾರೂ ಇರಲಿಲ್ಲ. ತಲೆವಸ್ತ್ರ ಬಿಚ್ಚಿ ಕಲ್ಲಿನ ಮೇಲೆ ಕೂತಳು.

“ಬುಡದಿಂದ ಎಳೀಬೇಡಮ್ಮ, ನೋಯುತ್ತೆ,” ಎಂದಳು ಎಡಿತ್ ಒಳಗಿನಿಂದ. “ತುದಿಯಿಂದ ಬಿಡಿಸುತ್ತಾ ಬಾ.”