ಸಣ್ಣತಾಯಮ್ಮನ ತಾರೀಕು

ಸಣ್ಣತಾಯಮ್ಮ ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಚೀಟಿಯಲ್ಲಿ ವನಿತಾಳ ಅಪ್ಪನ ಅಕ್ಷರ, ಇವತ್ತಿನ ತಾರೀಕು. ಬರೆದವರು ಹೋಗಿ ಹದಿನಾರು ದಿನವಾಗಿತ್ತು.

"ಒಸ ತಾರೀಕು ಬರ್ಕೊಡವ್ವ. ಇನ್ಮೇಲೆ ನೀನೇ ಅಲ್ವಾ ನಮ್ಗೆ ಲಾಯರಮ್ಮ?" ಎಂದು ಮುದುಕಿ ಬೆಂಚಿನ ತುದಿಯಲ್ಲಿ ಕೂತಳು. ಸೋಸಲೆಯಿಂದ ನಂಜನಗೂಡಿಗೆ ಎರಡು ಬಸ್ಸು ಹತ್ತಿ ಬಂದಿದ್ದಳು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಪುಟ್ಟಬಸವಯ್ಯನವರನ್ನು ನೋಡಿ ಅತ್ತದ್ದೂ ಆಗಿತ್ತು, ಮೂಗು ಒರೆಸಿಕೊಂಡದ್ದೂ ಆಗಿತ್ತು.

ಐವತ್ತು ವರ್ಷ ನಂಜನಗೂಡು, ಟಿ. ನರಸೀಪುರ ಎರಡೂ ಕೋರ್ಟುಗಳಿಗೆ ಕರಿ ಕೋಟು ತೋಳಿಗೆ ಹಾಕಿಕೊಂಡು ಓಡಾಡಿದ ಮನುಷ್ಯ ಪುಟ್ಟಬಸವಯ್ಯ. ಎಂಥ ಕೇಸೇ ಇರಲಿ, ಸಂಜೆ ಆರಕ್ಕೆ ಮನೆಯಲ್ಲಿರಬೇಕು. ಹೆಂಡತಿ ಹೂ ಕಟ್ಟುವಾಗ ದಾರ ಹಿಡಿಯಬೇಕು, ಮಗಳ ಜಡೆ ತಾವೇ ಹೆಣೆಯಬೇಕು. ಜೊತೆಯ ವಕೀಲರು ಛೇಡಿಸಿದರೆ ನಕ್ಕುಬಿಡುತ್ತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ವನಿತಾ. ಅವಳೂ ಹನ್ನೆರಡು ವರ್ಷದಿಂದ ಇದೇ ಆಫೀಸಿನಲ್ಲಿ ವಕೀಲೆ. ಆದರೂ ಸಣ್ಣತಾಯಮ್ಮನ ಫೈಲನ್ನು ಮಾತ್ರ ಅಪ್ಪ ಮುಟ್ಟಗೊಟ್ಟಿರಲಿಲ್ಲ. ಬೆಳಿಗ್ಗೆ ಅದು ಸಿಕ್ಕಿದ್ದು ಅವರ ಬಟ್ಟೆಯ ಬೀರುವಿನಲ್ಲಿ, ಪಂಚೆಗಳ ಕೆಳಗೆ.

ನಾಲೆ ಬದಿಯ ಒಂದೂಕಾಲು ಎಕರೆ ಗದ್ದೆ. ವಿಧವೆಯ ಮೇಲೆ ಮೈದುನ ಹೂಡಿದ ದಾವೆ. ತೀರ್ಪು ಅವನ ಕಡೆ ಆಗಿತ್ತು. ಅಪೀಲಿಗೆ ಮೂವತ್ತು ದಿನ ಗಡುವು. ಪುಟ್ಟಬಸವಯ್ಯ ಹಾಕಿದ್ದು ಎಪ್ಪತ್ತನೇ ದಿನ. ಅವಧಿ ಮೀರಿದೆ, ವಜಾ. ಅದಾಗಿ ಇಪ್ಪತ್ತೆಂಟು ವರ್ಷ. ಆದರೂ ಮೂರು ತಿಂಗಳಿಗೊಮ್ಮೆ ಸಣ್ಣತಾಯಮ್ಮನಿಗೆ ತಾರೀಕಿನ ಚೀಟಿ ಬರೆದುಕೊಡುತ್ತಲೇ ಬಂದಿದ್ದರು. ಸಿವಿಲ್ ಕೇಸು ತಾನೇ, ಇನ್ನೂ ನಡೆಯುತ್ತಿದೆ ಎಂದರೆ ನಂಬದವರು ಯಾರು!

ಅಪೀಲಿನ ಗಡುವು ಓಡುತ್ತಿದ್ದ ಆ ಆಗಸ್ಟಿನಲ್ಲಿ ಒಂಬತ್ತು ವರ್ಷದ ವನಿತಾ ಮಿದುಳು ಜ್ವರ ಬಂದು ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ಎಚ್ಚರವಾದಾಗಲೆಲ್ಲ ಅಪ್ಪ ಪಕ್ಕದಲ್ಲಿರುತ್ತಿದ್ದರು. ನಲವತ್ತೆರಡು ದಿನ ಕದಲಲಿಲ್ಲ ಎಂದು ಅಮ್ಮ ಕೊನೆಯವರೆಗೂ ಹೆಮ್ಮೆಯಿಂದ ಹೇಳುತ್ತಿದ್ದಳು.

"ಗೆದ್ಬುಟ್ಟೆ ಅಂತ ಊರೆಲ್ಲ ಸಾರ್ಕಂಡ್ ತಿರುಗ್ತಾನೆ ನನ್ ಮೈದ," ಸಣ್ಣತಾಯಮ್ಮ ನಕ್ಕಳು. "ಮುಗ್ದೋಗಿದ್ರೆ ಲಾಯರಪ್ಪೋರು ತಾರೀಕು ಯಾಕ್ಲಾ ಕೊಡ್ತಿದ್ರು ಅಂದೆ. ಬಾಯ್ ಮುಚ್ಕಂಡ."

ವನಿತಾ ಮೇಜಿನ ಮೇಲಿದ್ದ ಫೈಲನ್ನು ಮುಚ್ಚಿದಳು.

"ನಿಂಗೆ ಗ್ಯಾಪ್ಕ ಇರಾಕಿಲ್ಲ. ನೀ ಕೂಸಾಗಿದ್ದಾಗ ಜರ ಬಂದಿತ್ತು. ಅಪೀಲ್ಗೆ ಎಬ್ಬೆಟ್ಟು ಒತ್ತಾಕೆ ಬಂದ್ರೆ ಇಲ್ಲಿ ಬೀಗ. ಕೂಸು ಉಳಿಯಾದು ಕಷ್ಟ ಅಂದ್ರು ಪಕ್ಕದ್ಮನೇವ್ರು. ಅಂಗೇ ಒಳೇಲಿ ಮುಳುಗಿ, ಒದ್ದೆ ಸೀರೇಲೇ ನಂಜುಂಡಪ್ಪನ ಗುಡೀಲಿ ಉರುಳ್ಸೇವೆ ಮಾಡ್ದೆ. ಆಮ್ಯಾಕೆ ಲಾಯರಪ್ಪೋರ್ಗೆ ಏಳುದ್ರೆ, ಗೋಡೆ ಕಡೆ ತಿರುಕ್ಕಂಡ್ಬುಟ್ರು."

ಒಂದು ಚೀಟಿ ಬರೆದುಕೊಟ್ಟರೆ ಆಯಿತು. ಅಪ್ಪನ ಹೆಸರು ಉಳಿಯುತ್ತದೆ. ಮುದುಕಿಯ ಗದ್ದೆಯೂ, ಅವಳ ಮಟ್ಟಿಗೆ, ಉಳಿಯುತ್ತದೆ. ಖಾಲಿ ದಿನ ಹುಡುಕಲು ವನಿತಾ ಅಪ್ಪನ ಕೇಸ್ ಡೈರಿ ತೆರೆದಳು. ಇವತ್ತಿನ ಪುಟದಲ್ಲಿ ಬೇರೆ ಕೇಸುಗಳ ಮುಂದೆ ವಾದ, ಸಾಕ್ಷಿ, ಆದೇಶ ಎಂದಿತ್ತು. ಕೊನೆಯ ಸಾಲು: 'ಸಣ್ಣತಾಯಮ್ಮ. ಹೇಳಬೇಕು.' ಮೂರು ತಿಂಗಳ ಹಿಂದಿನ ತಾರೀಕಿಗೆ ತಿರುಗಿಸಿದಳು. 'ಹೇಳಬೇಕು.' ಎದ್ದು ಕಪಾಟಿನಿಂದ ಹೋದ ವರ್ಷದ್ದು, ಹತ್ತು ವರ್ಷದ ಹಿಂದಿನದು, ಇಪ್ಪತ್ತು ವರ್ಷದ ಹಿಂದಿನದು ತೆಗೆದಳು. ಅಕ್ಷರ ನೆಟ್ಟಗಾಗುತ್ತ ಹೋಯಿತು, ಮಾತು ಅದೇ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

"ತಾಯಮ್ಮಾ, ಇನ್ನು ತಾರೀಕಿಲ್ಲ," ಎಂದಳು. ಗಡುವು, ಜ್ವರ, ವಜಾ, ಒಂದನ್ನೂ ಬಿಡದೆ ಹೇಳಿದಳು. "ಅಪ್ಪ ನಿಮಗೆ ಹೇಳಬೇಕಾಗಿತ್ತು. ಹೇಳೋಕಾಗ್ಲಿಲ್ಲ."

ಮುದುಕಿ ಫೋಟೋವನ್ನು ನೋಡಿದಳು. ಆಮೇಲೆ ವನಿತಾಳನ್ನು ತಲೆಯಿಂದ ಕಾಲಿನವರೆಗೆ, ಮೊದಲ ಸಲ ಕಾಣುವವಳಂತೆ, ಬಹಳ ಹೊತ್ತು ನೋಡಿದಳು.

"ಮೂರ್ಗಂಟೆ ಬಸ್ಸದೆ," ಎಂದು ಎದ್ದಳು. ಬಾಗಿಲಲ್ಲಿ ನಿಂತು, ಅಭ್ಯಾಸದಂತೆ ಸೆರಗಿನ ತುದಿ ಮುಂದಕ್ಕೆಳೆದುಕೊಂಡು, ಒಳಗೆ ಏನೂ ಇಡದೆ, ಬಿಗಿಯಾಗಿ ಗಂಟು ಹಾಕಿದಳು.