ಹದಿನೇಳನೆಯ ಮರ

ಮಾಯಾ ಸಸ್ಯಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳು. ಪದಕ ಮಾಳಮಡ್ಡಿಯ ಮನೆಯ ಷೋಕೇಸಿನಲ್ಲಿ ಮಿರಮಿರ ಮಿಂಚುತ್ತದೆ. ಮಿಂಚಲಿ ಪಾಪ, ಪುಸ್ತಕದ ಬದನೆಕಾಯಿಗೆ ಬೇರೆ ಕೆಲಸವೇನಿದೆ?

ಭಾನುವಾರ ಹತ್ತು ಗಂಟೆಗೆ ಒಗೆಯಲೆಂದು ದುಪಟ್ಟಾ ಕೊಡವಿದಾಗ, ಅದಕ್ಕೆ ಸಿಕ್ಕಿಕೊಂಡಿದ್ದ ರೆಂಬೆಯೊಂದು ಬೆರಳಿಗೆ ಚುಚ್ಚಿತು. ನಿನ್ನೆ ಪಂಚಾಯಿತಿಯವರು ಕೇಳಿದರೆಂದು ಉಪ್ಪಿನಬೆಟಗೇರಿಯ ಗೋಮಾಳದಲ್ಲಿ, ಕಡಿಯಬೇಕಾದ ಬಳ್ಳಾರಿ ಜಾಲಿಗಳಿಗೆ ಕೆಂಪು ಬಣ್ಣದ ನಂಬರು ಹಾಕಿ ಬಂದಿದ್ದಳು. ಮಳೆ ಬಂತೆಂದು ಅವಸರದಲ್ಲಿ ಗೀಚಿದ ಕೊನೆಯ ನಂಬರು ಹದಿನೇಳು. ದುಪಟ್ಟಾ ಸಿಕ್ಕಿಕೊಂಡದ್ದು ಅದಕ್ಕೇ, ರೆಂಬೆ ಅದರದೇ. ಬಳ್ಳಾರಿ ಜಾಲಿಗೆ ಎಲೆಯ ಬುಡದಲ್ಲಿ ಜೋಡಿ ಮುಳ್ಳು. ಇದಕ್ಕೋ ಎಲ್ಲೆಂದರಲ್ಲಿ ಒಂಟಿ ಮುಳ್ಳು. ಇದು ಬನ್ನಿ!

ಎರಡೂ ಒಂದೇ ಕುಲದವು, ನಿಜ. ಆದರೆ ಜಾಲಿ ಕಡಲಾಚೆಯಿಂದ ಬಂದು ಗೋಮಾಳ ನುಂಗಿದ ದಾಯಾದಿ. ಬನ್ನಿ ಈ ಮಣ್ಣಿನ ಮಗಳು. ದಸರೆಗೆ ಊರೆಲ್ಲ ಅದರ ಎಲೆಯನ್ನೇ ಬಂಗಾರವೆಂದು ಹಂಚಿಕೊಳ್ಳುತ್ತದೆ. ಊರಿನ ಹಳೆಯ ಬನ್ನಿ ಒಣಗಿಹೋಯಿತೆಂದು ನಿನ್ನೆಯಷ್ಟೇ ಮುದುಕಿ ಮಾಳವ್ವ ಅವಳಿಗೆ ನೀರು ಕೊಡುತ್ತ ಕಣ್ಣೊರೆಸಿಕೊಂಡಿದ್ದಳು.

ಕಡಿಯುವುದು ಇವತ್ತೇ. ಅವಳು ಎಷ್ಟು ಸಲ ಹಚ್ಚಿದರೂ ಮರ ಕಡಿಯುವ ಶಾಬುದ್ದೀನನ ಫೋನು ರಿಂಗಾಗುತ್ತಲೇ ಇತ್ತು. ಗರಗಸದ ಮಷೀನಿನ ಗದ್ದಲದಲ್ಲಿ ಅವನಿಗೆಲ್ಲಿ ಕೇಳಬೇಕು! ಮಾಯಾ ಸ್ಕೂಟರ್ ಹತ್ತಿದಳು.

ಗೋಮಾಳದಲ್ಲಿ ಜಾಲಿಗಳೆಲ್ಲ ಉರುಳಿದ್ದವು. ನಿಂತದ್ದು ಇಷ್ಟು ದಿನ ಅವುಗಳ ನಡುವೆ ಮರೆಯಾಗಿದ್ದ ಒಂದೇ ಮರ. ಅದರ ಮೇಲೆ ನಂಬರೇ ಇಲ್ಲ, ಬರೀ ಕೆಸರು. ಕೆಳಗೆ ಶಾಬುದ್ದೀನ ರೊಟ್ಟಿ ತಿನ್ನುತ್ತಿದ್ದ.

"ಹದಿನೇಳನೇದು ಕಡದ್ರೇನ್ರಿ ಕಾಕಾ?" ಅವಳಿಗೆ ಅಳುವೇ ಬಂದಿತ್ತು.

"ಅದರ ನೆಳ್ಳಾಗ ಕುಂತೇನಲ್ರಿ ಬಾಯಾರ. ಮೂವತ್ತು ವರ್ಷ ಜಾಲಿ ಮುಳ್ಳು ಚುಚ್ಚಿಸಿಕೊಂಡ ಕೈರೀ ಇದು. ಬನ್ನಿ ಚುಚ್ಚೂದ ಬ್ಯಾರೆ."

"ಮತ್ತ ನಂಬರ?"

"ಕೆಸರು ಬಳದೇನಿ. ಮಾಳವ್ವಾಯಿ ನೋಡಿದ್ರ ನಿಮ್ಮನ್ನ ಸುಮ್ನ ಬಿಡ್ತಿದ್ಲೇನ್ರಿ?"

ಮಾಯಾಳಿಗೆ ಹೋದ ಜೀವ ಬಂದಂತಾಯಿತು. ನಗುತ್ತಲೇ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮಾಳವ್ವ ಬಂದೇಬಿಟ್ಟಳು. ಎಲೆ ಮುಟ್ಟಿ ನೋಡಿ, "ನಮ್ಮೂರಾಗ ಇನ್ನೊಂದು ಬನ್ನಿ! ಯಾರು ಗುರ್ತ ಹಿಡದ್ರವ್ವಾ?" ಎಂದಳು.

"ಬಾಯಾರು," ಎಂದ ಶಾಬುದ್ದೀನ, ರೊಟ್ಟಿಯ ತುಂಡಿನಿಂದಲೇ ತೋರಿಸಿ.

ಸುಮ್ಮನಿದ್ದರೆ ಸಾಕಿತ್ತು. ಮಾಯಾ ಉಗುರಿನಿಂದ ಕೆಸರು ಕೆರೆದಳು. ಕೆಂಪು ಹದಿನೇಳು ಹೊರಬಿತ್ತು.

"ಕಡೀರಿ ಅಂತ ಬರದಾಕಿ ನಾನು, ಆಯಿ. ಉಳಿಸಿದವರು ಇವರು."

ಮಾಳವ್ವ ಇಬ್ಬರನ್ನೂ ದಿಟ್ಟಿಸಿ ನೋಡಿದಳು. ದಸರೆಗೆ ಇನ್ನೂ ಹತ್ತು ದಿನವಿತ್ತು. ಆದರೂ ಎರಡು ಎಳೆ ಎಲೆ ಚಿವುಟಿ, ಮೊದಲಿನದನ್ನು ಶಾಬುದ್ದೀನನ ಅಂಗೈಗಿಟ್ಟಳು. ಎರಡನೆಯದನ್ನು ಮಾಯಾಳ ಮುಳ್ಳು ಚುಚ್ಚಿದ ಕೈಗಿಟ್ಟು ಮುಷ್ಟಿ ಮುಚ್ಚಿದಳು.

"ಖರೇ ಹೇಳಿದಿ. ತಗೋ, ಬಂಗಾರಧಂಗ ಇರು."